ಎರಡು ತಾಟಿನ ನಡುವಿನ ರೊಟ್ಟಿ ಖರ್ಚಾದ ಬಗ್ಗೆ

ಇಂದ,
ಸವಿತಾ ಮೈಲಾರಪ್ಪ,
ದ್ವಿತೀಯ ಪಿಯುಸಿ, ವಿಜ್ಞಾನ,
ಮು. ದುಮ್ಮವಾಡ, ತಾ. ಕಲಘಟಗಿ.

ಗೆ,
ಭೌತಶಾಸ್ತ್ರದ ಕೌಶಿಕ ಸರ್ ಅವರಿಗೆ.

ವಿಷಯ: ನನ್ನ ಕೆಪ್ಯಾಸಿಟರ್‌ನ ಡೈಎಲೆಕ್ಟ್ರಿಕ್ಕನ್ನು ನಮ್ಮ ಅಜ್ಜಿ ತಿಂದ ಕಾರಣ ಬಿದ್ದ ಸೊನ್ನೆಯ ಕುರಿತು.

ಉಲ್ಲೇಖ: ವಿಜ್ಞಾನ ಪ್ರದರ್ಶನದ ದಿನ ತಾವು ನನ್ನ ಮೇಜಿನ ಮುಂದೆ ನಿಂತು, "ರೊಟ್ಟಿ ಎಲ್ಲೈತಿ?" ಎಂದು ಕೇಳಿದ್ದು.

ಮಾನ್ಯರೇ,

೧. ಬಡಿದು ಸಪಾಟು ಮಾಡಿದ ಎರಡು ತಾಟು, ತಾಟಿಗೆ ತಾಟು ತಾಗದಂತೆ ಅಂಚಿಗೆ ಬಳೆಚೂರು, ನಡುವೆ ಡೈಎಲೆಕ್ಟ್ರಿಕ್ ಎಂದು ಖಡಕ್ ರೊಟ್ಟಿ, ಬಾಜು ವಾಯರ್ ಹಚ್ಚಿದ ಒಂಬತ್ತು ವೋಲ್ಟಿನ ಬ್ಯಾಟರಿ. ರೊಟ್ಟಿಯ K ಮೂರು, ಅಂದರೆ ರೊಟ್ಟಿ ಇದ್ದರೆ ಚಾರ್ಜ್ ಮೂರು ಪಟ್ಟು, ಎಂದು ಹಿಡಿಯಲು ತಾವೇ ಹೇಳಿದ್ದಿರಿ. ಕಾರಣ ಚಾರ್ಜ್ ೪.೮ ನ್ಯಾನೋಕೂಲಂಬ್ ಎಂದು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ನಾನು ನೀರು ಕುಡಿಯಲು ಹೋದೆನು.

೨. ಸದರಿ ವೇಳೆಯಲ್ಲಿ ನಮ್ಮ ಅಜ್ಜಿ ಫಕೀರವ್ವ ಚಹಾ ಸಹ ಕುಡಿಯದೆ ಬಸ್ ಹತ್ತಿ ಬಂದು ಮುಟ್ಟಿದರು. ನಮ್ಮ ಮನೆಯಲ್ಲಿ ತಾಟು ಮುಚ್ಚಿದ ರೊಟ್ಟಿ ಎಂದರೆ ತಡವಾಗಿ ಬರುವವರಿಗೆ ಎತ್ತಿಟ್ಟದ್ದು ಎಂದೇ ಅರ್ಥ. "ಅಯ್ಯ, ನನ್ನ ಮೊಮ್ಮಗಳು ನೆನಪಿಟ್ಟು ಇಟ್ಟಾಳ ನೋಡ್ರಿ! ಬಿಸಿ ಇರಲಿ ಅಂತ ವಾಯರ್ ಬ್ಯಾರೆ ಹಚ್ಚ್ಯಾಳ!" ಎಂದು ಸುತ್ತಲಿನವರಿಗೆಲ್ಲ ಹೇಳಿದರಂತೆ.

೩. ಆದರೆ ಸರ್, ಮಿಕ್ಸರ್ ಮುಟ್ಟುವ ಮುಂಚೆ ಪ್ಲಗ್ ಕೀಳುವುದು ಅಜ್ಜಿಯ ರೂಢಿ. ಹಾಗೆಯೇ ಮೊದಲು ವಾಯರ್ ಕಿತ್ತರು, ಆಮೇಲೆ ರೊಟ್ಟಿ ಜಗ್ಗಿ ತಿಂದರು. ಬ್ಯಾಟರಿ ಬಿಟ್ಟ ಮೇಲೆ ಚಾರ್ಜ್ ಎಲ್ಲಿಗೆ ಹೋಗಬೇಕು? ಆದ್ದರಿಂದ ಅಜ್ಜಿ ಕಟಂ ಕಟಂ ಅಗಿಯುವಷ್ಟು ಹೊತ್ತೂ ನನ್ನ ಉತ್ತರ ಅಗದಿ ಸರಿ ಇತ್ತು. ವೋಲ್ಟೇಜ್ ಮಾತ್ರ ಮೂರು ಪಟ್ಟು ಏರಿತು, ಅಜ್ಜಿಗೆ ಏನೂ ಆಗಲಿಲ್ಲ.

೪. ತಿಂದ ಮೇಲೆ, ಇದ್ದದ್ದು ಇದ್ದಂಗ ಇರಬೇಕೆಂದು, ವಾಯರನ್ನು ಅಜ್ಜಿಯೇ ತಿರುಗಿ ಸಿಕ್ಕಿಸಿದರು. ಅಲ್ಲಿಗೆ ನನ್ನ ಕಥೆ ಮುಗಿಯಿತು! ನಡುವೆ ರೊಟ್ಟಿ ಇಲ್ಲದ ಕಾರಣ ಚಾರ್ಜ್ ೧.೬ಕ್ಕೆ ಇಳಿಯಿತು, ಬೋರ್ಡಿನ ಮೇಲೆ ೪.೮ ಹಾಗೇ ಇತ್ತು, ತಾವು ಕೆಂಪು ಪೆನ್ ಹಿಡಿದು ಬಂದಿರಿ. ತಾವು ಹಾಕಿದ ಸೊನ್ನೆ ವಿಜ್ಞಾನದ ಪ್ರಕಾರ ಸರಿಯೇ ಇರುತ್ತದೆ.

೫. ಆದರೆ ಅಜ್ಜಿ ಆ ಸೊನ್ನೆ ನೋಡಿ, "ನಿನ್ನ ಮಾರ್ಕ್ಸ್ ನಾನ ತಿಂದ್ನೇನ, ನನ್ನವ್ವಾ?" ಎಂದು ದುಮ್ಮವಾಡದವರೆಗೆ ಬಸ್ಸಿನಲ್ಲಿ ಅತ್ತರು. ಅಂದಿನಿಂದ ರೊಟ್ಟಿ ಮುಟ್ಟಿಲ್ಲ, ಬಡಿದೂ ಇಲ್ಲ. ಮುಂಜಾನೆ ಅನ್ನ, ರಾತ್ರಿ ಅನ್ನ. "ನಿಮ್ಮ ಸರ್‌ಗೆ ನೀ ಬರಿತಿಯೋ, ನಾನ ಬರ್ಲ್ಯೋ?" ಎಂದು ಅಪ್ಪ ಕೇಳುತ್ತಿದ್ದಾರೆ. ಅಜ್ಜಿಯ ಮುಖ ನೋಡಿ ನಾನೂ ಅನ್ನವನ್ನೇ ಉಣ್ಣುತ್ತಿದ್ದೇನೆ ಸರ್.

ಆದ್ದರಿಂದ ಸೊನ್ನೆ ಅಲ್ಲೇ ಇರಲಿ. ಫಕೀರವ್ವ ತಿಂದದ್ದು ರೊಟ್ಟಿ ಮಾತ್ರ, ಮಾರ್ಕ್ಸ್ ಅಲ್ಲ ಎಂದು ದಪ್ಪಕ್ಷರದಲ್ಲಿ ಬರೆದು, ಸಹಿ ಶಿಕ್ಕೆ ಹಾಕಿ ಕೊಡಬೇಕಾಗಿ ಪ್ರಾರ್ಥನೆ.

ಅನ್ನ ತಿಂದು ತಿಂದು ಬ್ಯಾಸತ್ತ ತಮ್ಮ ವಿಶ್ವಾಸಿ,
ಸವಿತಾ

ಲಗತ್ತು:
೧. ಲೆಕ್ಕದ ಹಾಳೆ.
೨. ಬಾಜು ಮನೆಯ ಶಮೀಮಾಬಿ ಕಾಕಿ ಬಡಿದುಕೊಟ್ಟ ರೊಟ್ಟಿ, ಎರಡು ತಾಟಿನ ನಡುವೆ, ಬ್ಯಾಟರಿ ಸಹಿತ. ಶೇಂಗಾ ಚಟ್ನಿ ಪ್ರತ್ಯೇಕ.

ವಿ.ಸೂ.: ಲಗತ್ತು ೨ ತಮಗಾಗಿಯೇ ಮುಚ್ಚಿಟ್ಟದ್ದು. ಮೊದಲು ವಾಯರ್ ಕಿತ್ತು ಆಮೇಲೆ ತಿನ್ನಬೇಕು. ತಿಂದ ಮೇಲೆ ದಯಮಾಡಿ ತಿರುಗಿ ಸಿಕ್ಕಿಸಬಾರದಾಗಿ ವಿನಂತಿ.