ನಾನು ಬಿಡದ ಗುಂಡಿ

ನನ್ನ ಮಾತಿಗೆ ನನ್ನ ಮನೆಯಲ್ಲಿ ಬೆಲೆಯಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೆಲೆ ಇದ್ದವರು ವಾಯರ್‌ಲೆಸ್ಸಿನ ಹುಚ್ಚು ಹಿಡಿಸಿಕೊಳ್ಳುವುದಿಲ್ಲ. ಒಳಗೆ ಯಾರೂ ಕಿವಿಗೊಡದವನಿಗೇ ಹೊರಗೆ ಯಾರಾದರೂ ಕೇಳಿಯಾರೇ ಎಂಬ ಆಸೆ ಹುಟ್ಟುವುದು. ಸಾಲೆಯಲ್ಲಿ ವಿಜ್ಞಾನ ಕಲಿಸುವ ನಾನು ಪರೀಕ್ಷೆ ಕೊಟ್ಟು, ಸರಕಾರದ ಪರವಾನಗಿ ಪಡೆದು, ಹಳೆಯ ಸಾಮಾನು ಕೂಡಿಸಿ ಒಂದು ಸೆಟ್ಟು ಕಟ್ಟಿಕೊಂಡೆ. ಮಾಳಿಗೆಯ ಮೇಲೆ ಈ ತುದಿಯಿಂದ ಆ ತುದಿಗೆ ಏರಿಯಲ್ ತಂತಿ ಬಿಗಿದೆ. ಮರುದಿನ ಬೆಳಿಗ್ಗೆ ಅದರ ಮೇಲೆ ಹೆಂಡತಿಯ ಇಳಕಲ್ ಸೀರೆ ಒಣಗುತ್ತಿತ್ತು. "ಲಗ್ನ ಆದಾಗಿಂದ ಈ ಮನಿಗೆ ನೀವು ಮಾಡಿದ್ದು ಇದೊಂದ ಉಪಕಾರ ನೋಡ್ರಿ," ಎಂದಳು. ಹಸಿ ಸೀರೆಯ ಭಾರಕ್ಕೆ ತಂತಿ ಜೋತುಬಿದ್ದು, ಪುಣೆಯ ಗೆಳೆಯನಿಗೆ ನನ್ನ ಮಾತು ಅರ್ಧ ಕೇಳಿ ಅರ್ಧ ಕೇಳದಾಯಿತು. ನಾನು ಸೆಟ್ಟು ಆರಿಸಿ ಎದ್ದೆ. ಇಂಥ ನಾನು ಒಮ್ಮೆ ಇಡೀ ವಿಜಾಪುರದ ಬಾಯಿ ಮುಕ್ಕಾಲು ತಾಸು ಮುಚ್ಚಿಸಿದ್ದೆ ಎಂದರೆ ನೀವು ನಂಬಲಾರಿರಿ.

ಹೋದ ವರ್ಷ ಚಳಿಗಾಲದಲ್ಲಿ ಮಾಜಿ ಸೈನಿಕರ ಮೆರವಣಿಗೆ ಇತ್ತು. ನಮ್ಮಂಥ ಹುಚ್ಚರು ಊರಿನಲ್ಲಿ ಮೂವರು: ನಾನು, ಗಡಿಯಾರ ರಿಪೇರಿಯ ಗುರಪ್ಪ, ಸೈಕಲ್ ಅಂಗಡಿಯ ಇಸ್ಮಾಯಿಲ್. ಪುಕ್ಕಟೆ ಸೇವೆ ಎಂದೊಡನೆ ಸಮಿತಿ ನಮ್ಮನ್ನು ಅಪ್ಪಿಕೊಂಡಿತು. ಗುರಪ್ಪ ಮೈದಾನದ ವೇದಿಕೆಯಲ್ಲಿ, ಇಸ್ಮಾಯಿಲ್ ಮೆರವಣಿಗೆ ಹೊರಡುವ ಸ್ಟೇಷನ್ ಮುಂದೆ, ನಾನು ತಿಕೋಟಾ ಕಡೆಯ ಸೈನಿಕರ ಸುದ್ದಿ ಕಳಿಸಲು ಆ ರಸ್ತೆಯಲ್ಲಿ ಒಂದು ಟಾಂಗಾದೊಳಗೆ, ಲಾರಿಯ ಬ್ಯಾಟರಿಯನ್ನು ತೊಡೆಗೆ ಆನಿಸಿಕೊಂಡು. ಸಮಿತಿಯ ಅಧ್ಯಕ್ಷರು ಯುದ್ಧ ಕಂಡವರಲ್ಲ, ಆದರೆ ಅಪ್ಪಣೆ ಕೊಡುವುದರಲ್ಲಿ ಜನರಲ್‌ಗಳಿಗಿಂತಲೂ ಒಂದು ಕೈ ಮೇಲು. "ಹೊಂಡ್ರಿ ಅನ್ನೂ ಆರ್ಡರ್ ವಾಯರ್‌ಲೆಸ್ ಮ್ಯಾಲೇ ಬರಬೇಕು. ಬಾಯಿಮಾತಿಗೆ ಯಾರೂ ಹೆಜ್ಜಿ ಎತ್ತಬಾರ್ದು," ಎಂದು ಅವರೇ ನೇಮ ಮಾಡಿದರು. ಊರು ಬೆರಗಾಗಲೆಂದು ಗುರಪ್ಪನ ಸೆಟ್ಟಿಗೆ ಲೌಡ್‌ಸ್ಪೀಕರನ್ನೂ ಹಚ್ಚಿಸಿದರು.

ಬಬಲೇಶ್ವರ ಕಡೆಯವರು ಬೆಳಗಿನ ಬಸ್ಸಿಗೇ ಬಂದಿಳಿದರು. ತಿಕೋಟಾದ ಹನ್ನೊಂದು ಮಂದಿಯ ಲಾರಿ ಮಾತ್ರ ಇಟ್ಟಂಗಿಹಾಳ ದಾಟಿದ ಮೇಲೆ ಆಕ್ಸಲ್ ಮುರಿದು ಕುಳಿತಿತು. ಊರು ಇನ್ನೂ ಎರಡು ಮೈಲು. ಮುದುಕರು ಇಳಿದು, ಪೇಟ ಸರಿಮಾಡಿಕೊಂಡು, ಸಾಲಾಗಿ ನಡೆಯತೊಡಗಿದರು. ಮುಂದೆ ಸಿದ್ರಾಮಜ್ಜ, ಮೊದಲನೆಯ ಮಹಾಯುದ್ಧದಲ್ಲಿ ಬಸ್ರಾಕ್ಕೆ ಹೋಗಿ ಎಡ ಮೊಣಕಾಲು ಕೆಡಿಸಿಕೊಂಡು ಬಂದವನು. ನಾನು ಟಾಂಗಾ ಹತ್ತಿರ ತಂದು ಹತ್ತು ಎಂದರೆ, "ಪರೇಡಿಗೆ ಟಾಂಗಾದಾಗ ಹೋಗಾಕ ನಾ ಏನ್ ಬೀಗರ ಮನಿಗೆ ಹೊಂಟೇನೇನ್ರಿ ಮಾಸ್ತರ?" ಎಂದ. ಅವನನ್ನು ಯಾವ ಮೆರವಣಿಗೆಗೂ ಯಾರೂ ಈವರೆಗೆ ಕರೆದಿರಲಿಲ್ಲ. ಇದೇ ಮೊದಲು. ಮತ್ತೊಂದು ಸಲಕ್ಕೆ ತಾನು ಇರುವುದಿಲ್ಲವೆಂದು ನಗುತ್ತಲೇ ಹೇಳಿದ.

ನಾನು ಸುದ್ದಿ ಕಳಿಸಿದೆ. ಅಧ್ಯಕ್ಷರೇ ಗುರಪ್ಪನ ಮೈಕು ಕಸಿದುಕೊಂಡರು. "ಟೈಮ್ ಅಂದ್ರ ಟೈಮ್. ಹನ್ನೊಂದು ಮಂದಿ ಸಲುವಾಗಿ ಮೆರವಣಿಗಿ ನಿಂದ್ರೂದಿಲ್ಲ. ಇಸ್ಮಾಯಿಲ್, ಕೇಳಸಾಕತ್ತೈತೇನು? ಓವರ್!"

ನಮ್ಮ ಸೆಟ್ಟಿನ ರೀತಿ ಸರಳ. ಮೈಕಿನ ಗುಂಡಿ ಒತ್ತಿದವನು ಮಾತಾಡಬೇಕು, ಉಳಿದವರು ಕೇಳಬೇಕು. ಮುಗಿದ ಮೇಲೆ 'ಓವರ್' ಎಂದು ಗುಂಡಿ ಬಿಡಬೇಕು. ಇಬ್ಬರು ಒಟ್ಟಿಗೆ ಒತ್ತಿದರೆ ಬರೀ ಸೀಟಿ. ಹೊಸದಾಗಿ ಕಲಿತ 'ಓವರ್' ಎಂಬ ಮಾತಿನ ಮೋಹಕ್ಕೆ ಅಧ್ಯಕ್ಷರು, ಹೊರಡು ಎನ್ನುವ ಮೊದಲೇ ಗುಂಡಿ ಬಿಟ್ಟಿದ್ದರು. ಆ ಒಂದು ಕ್ಷಣದಲ್ಲಿ ನಾನು ಒತ್ತಿದೆ. ಒತ್ತಿದವನು ಬಿಡಲಿಲ್ಲ. ಪರವಾನಗಿ ಹೋಗುತ್ತದೆಂದು ಗೊತ್ತಿತ್ತು. ಹೋಗಲಿ ಎಂದುಕೊಂಡೆ.

ಗುಂಡಿ ಹಿಡಿದರೆ ಸಾಲದು, ಮಾತೂ ಬೇಕಲ್ಲ! ಎರಡು ನಿಮಿಷಕ್ಕೆ ನನ್ನ ಸರಕು ಮುಗಿಯಿತು. ಸಾಲೆಯ ಮಾಸ್ತರನಿಗೆ ಕಷ್ಟಕಾಲದಲ್ಲಿ ಹೊಳೆಯುವುದು ಒಂದೇ: ಹಾಜರಿ. ಹನ್ನೊಂದೂ ಜನರನ್ನು ಸರದಿಯಂತೆ ಟಾಂಗಾದ ಪಕ್ಕಕ್ಕೆ ಕರೆದು, ನಡೆಯುತ್ತಲೇ ಹೆಸರು, ಊರು, ಕಾದಿದ ಜಾಗ ಹೇಳಿಸಿದೆ. ಒಬ್ಬ ಬರ್ಮಾ ಎಂದ, ಒಬ್ಬ ಇಟಲಿ ಎಂದ. ಸಿದ್ರಾಮಜ್ಜ ಮೈಕಿಗೇ ಸೆಲ್ಯೂಟ್ ಹೊಡೆದು, "ಸಿಪಾಯಿ ಸಿದ್ರಾಮ, ಹಾಜರ್ ಅದಾನ್ರಿ! ನಡಕೋತ ಬರಾಕತ್ತಾನ!" ಎಂದು ಕೂಗಿದ. ಆಮೇಲೆ ಸತ್ತ ತನ್ನ ಜೊತೆಗಾರರ ಹೆಸರನ್ನೂ ಒಂದೊಂದಾಗಿ ಹೇಳಿದ. ನನ್ನ ಕಣ್ಣು ತುಂಬಿತು. ಹೆಬ್ಬೆರಳು ಜೋಮು ಹಿಡಿದಿತ್ತು, ಸೆಟ್ಟಿನಿಂದ ಸುಟ್ಟ ವಾಸನೆ ಬರುತ್ತಿತ್ತು. "ಇವರು ಬಸ್ರಾದಾಗ ಗಡಿಯಾರ ನೋಡಿ ಕಾದಾಡಿಲ್ರಿ ಅಧ್ಯಕ್ಷರ!" ಎಂದು ನಾನೂ ಒಂದು ಮಾತು ಸೇರಿಸಿದೆ.

ಇದೆಲ್ಲ ಲೌಡ್‌ಸ್ಪೀಕರಿನಲ್ಲಿ ಮೈದಾನ ತುಂಬ ಮೊಳಗುತ್ತಿತ್ತಂತೆ. ಜನ ಎದ್ದುನಿಂತು ಚಪ್ಪಾಳೆ ಹೊಡೆಯುತ್ತಿದ್ದರಂತೆ. ಅಧ್ಯಕ್ಷರು ಸ್ಟೇಷನ್ನಿಗೆ ಸೈಕಲ್ ಮೇಲೆ ಆಳು ಅಟ್ಟಿದರೆ ಇಸ್ಮಾಯಿಲ್, "ಬಾಯಿಮಾತಿಗೆ ಹೆಜ್ಜಿ ಎತ್ತಬಾರ್ದು ಅಂತ ಸಾಹೇಬ್ರೇ ಹೇಳ್ಯಾರಲ್ಲಪಾ," ಎಂದನಂತೆ. ಹನ್ನೊಂದು ಮಂದಿಯೂ ಬಂದು ಸೇರಿದ ಮೇಲೆಯೇ ನಾನು 'ಓವರ್' ಎಂದದ್ದು. ಸಿದ್ರಾಮಜ್ಜ ಎಲ್ಲರಿಗಿಂತ ಮುಂದೆ ಕುಂಟುತ್ತ ನಡೆದ. ಅಧ್ಯಕ್ಷರು ನಕ್ಕು ಅವನಿಗೆ ಹಾರ ಹಾಕಿದರು, ಮರುವಾರ ನನ್ನ ಮೇಲೆ ದೂರು ಬರೆದರು.

ಪರವಾನಗಿ ಕೊಟ್ಟವರಿಂದ ಕಾಗದ ಬಂತು: ಅಷ್ಟು ಹೊತ್ತು ಗುಂಡಿ ಬಿಡದಿದ್ದಕ್ಕೆ ಕಾರಣವೇನು? ನನ್ನ ಶೌರ್ಯ ಅಲ್ಲಿಗೆ ಇಳಿಯಿತು. "ಗುಂಡಿ ಸಿಕ್ಕಿಹಾಕಿಕೊಂಡಿತ್ತು" ಎಂದು ನೀಟಾಗಿ ಬರೆದೆ. ಅದೇ ದಿನ ಸಿದ್ರಾಮಜ್ಜ ನನಗೆಂದು ಸುಟ್ಟ ಎಳೆ ಜೋಳದ ಸೀತನಿ ಕಟ್ಟಿಕೊಂಡು ಬಂದಿದ್ದ. ಜಂಬದಿಂದ ಓದಿ ಹೇಳಿದೆ. ಅವನ ಮೋರೆ ಇಳಿಯಿತು. "ಒತ್ತಿದವ್ರು ನೀವು, ಹೆಸರು ಗುಂಡಿದ್ಯಾಕ್ರಿ ಮಾಸ್ತರ?" ಎಂದ. ಬರೆದ ಉತ್ತರ ಹರಿದೆ. "ನಾನೇ ಒತ್ತಿದೆ. ಇಂಥದೇ ಹೊತ್ತು ಬಂದರೆ ಮತ್ತೆ ಒತ್ತುತ್ತೇನೆ," ಎಂದು ಬರೆದು ಸಹಿ ಹಾಕಿದೆ.

ಪರವಾನಗಿ ಆರು ತಿಂಗಳು ಬಂದ್ ಆಯಿತು. ನನಗೆ ಪಶ್ಚಾತ್ತಾಪವಿಲ್ಲ, ಹೆಂಡತಿಗಂತೂ ಪರಮಾನಂದ. ಆರು ತಿಂಗಳಲ್ಲಿ ಸೀರೆಯ ಜೊತೆ ಹೊದೆಯುವ ಕೌದಿಗಳೂ ತಂತಿ ಏರಿದವು. ನಿನ್ನೆ ಪರವಾನಗಿ ತಿರುಗಿ ಬಂತು. ಅಧ್ಯಕ್ಷರನ್ನೂ ಸರಕಾರವನ್ನೂ ಎದುರಿಸಿದ ಈ ಧೀರ, ಈಗ ಮಾಳಿಗೆಯ ಮೆಟ್ಟಿಲ ಮೇಲೆ ಕುಳಿತಿದ್ದಾನೆ. ಕೌದಿ ತೆಗೆ ಎನ್ನುವ ಧೈರ್ಯವಿಲ್ಲದೆ, ಅದು ಒಣಗುವುದನ್ನೇ ಕಾಯುತ್ತಿದ್ದಾನೆ.