ಸೈಟ್ ನಡೀತಿದೆಯಾ ನೋಡೋಣ

ಟಪಾಲು ಗುಮಾಸ್ತನ ಕಂಪ್ಯೂಟರಿನಲ್ಲಿ ಬಿಳಿ ಪುಟವೊಂದು ಗರ ಬಡಿದಂತೆ ನಿಂತುಬಿಟ್ಟಿತ್ತು. ಇಲಾಖೆಯ ವರ್ಗಾವಣೆ ಸೈಟು ಅಂದು ಬೆಳಿಗ್ಗೆಯಷ್ಟೇ ಶುರುವಾಗಿತ್ತು. ಹೆಂಡತಿ, ಮಗಳು ಇರುವ ಊರಿನಲ್ಲಿ ಖಾಲಿ ಇದ್ದದ್ದು ಒಂದೇ ಒಂದು ಗುಮಾಸ್ತನ ಕುರ್ಚಿ; ಮೊದಲು ಒತ್ತಿದವರಿಗೆ ಅದು. ಮದುವೆಯಾದಾಗಿನಿಂದ ಫೋನಿನಲ್ಲೇ ಸಂಸಾರ ಮಾಡಿದ ಬಡಪಾಯಿಗೆ ಇದು ತಪ್ಪಿದರೆ ಮುಂದೆಯೂ ಅದೇ ಗತಿ.

“ಅಯ್ಯೋ, ಸೈಟೇ ಸತ್ತೋಗಿದೆ!” ಎಂದು ಅವನು ಬಾಯಿ ಬಿಟ್ಟದ್ದೇ ತಪ್ಪಾಯಿತು. ಕರೆಯದ ನೆಂಟರ ಹಾಗೆ ಆಫೀಸಿಗೆ ಆಫೀಸೇ ಅವನ ಮೇಜಿಗೆ ಮುತ್ತಿಕೊಂಡಿತು.

“ಆಫ್ ಮಾಡಿ ಆನ್ ಮಾಡ್ರೀ, ಎಲ್ಲಾ ಸರಿಹೋಗುತ್ತೆ,” ಎಂದರು ಹೆಡ್‌ಕ್ಲಾರ್ಕ್ ಅಮ್ಮ. ಮಿಕ್ಸಿಯಿಂದ ಹಿಡಿದು ಗಂಡನವರೆಗೆ ಅವರು ಎಲ್ಲಕ್ಕೂ ಹಚ್ಚುವ ಮದ್ದು ಅದೊಂದೇ. ಆಫ್ ಮಾಡಿದ್ದಾಯಿತು. ಆನ್ ಮಾಡಿದರೆ ಕಂಪ್ಯೂಟರು ‘ಅಪ್‌ಡೇಟ್ ಆಗುತ್ತಿದೆ, ದಯವಿಟ್ಟು ಕಾಯಿರಿ’ ಎಂದು ಕೂತುಬಿಟ್ಟಿತು.

“ವಯರಲ್ಲಿ ಧೂಳು ಕೂತಿರುತ್ತೆ ಸಾರ್,” ಎನ್ನುತ್ತಾ ಟೈಪಿಸ್ಟು ರೂಟರಿನ ವಯರು ಕಿತ್ತು, ಉಫ್ ಎಂದು ಊದಿ, ಬೇರೆ ತೂತಿಗೆ ಸಿಕ್ಕಿಸಿದಳು. ಇಡೀ ಕಚೇರಿಯ ಇಂಟರ್‌ನೆಟ್ಟೇ ಹೋಯಿತು. ಒಳಗಿನಿಂದ ಸಾಹೇಬರು, “ಯಾರ್ರೀ ಅದು?” ಎಂದು ಗುಡುಗಿದರು. ಎಲ್ಲರ ಬೆರಳೂ ಟಪಾಲಿನವನತ್ತ ತಿರುಗಿತು. ಅವನಿಗೆ ಅಳುವೇ ಬಂತು.

ಆಗ ಎದ್ದು ಬಂದವನು ಪಕ್ಕದ ಮೇಜಿನ ಗುಮಾಸ್ತ. ಯಾರಿಗೆ ಏನಾದರೂ ತಾನೇ ಮುಂದೆ ನುಗ್ಗುವ ಅವನಿಗೆ ಎಲ್ಲರೂ ಇಟ್ಟ ಹೆಸರು ಉಪಕಾರಿ.

“ಮೊದ್ಲು ಸೈಟು ಎಲ್ರಿಗೂ ಕೈಕೊಟ್ಟಿದೆಯೋ, ನಿಮಗೊಬ್ರಿಗೇನೋ ನೋಡ್ಬೇಕು. ಇರಿ, ನನ್ನ ಮೊಬೈಲಲ್ಲಿ, ನನ್ನ ನೌಕರಿ ನಂಬರ್ ಹಾಕಿ ನೋಡ್ತೀನಿ,” ಎಂದು ಅವನು ಸಿಗ್ನಲ್ ಹುಡುಕುತ್ತಾ ಕಿಟಕಿಗೆ ಹೋದ. “ಬಂತು ರೀ! ಸೈಟು ಗಟ್ಟಿಮುಟ್ಟಾಗಿದೆ!”

ಟಪಾಲಿನವನಿಗೆ ಹೋದ ಜೀವ ಬಂದಂತಾಯಿತು. “ನಿಮ್ಮ ಹೊಟ್ಟೆ ತಣ್ಣಗಿರ್ಲಿ! ನಮ್ಮೂರು ತೋರಿಸ್ತಿದೆಯಾ?”

“ಯಾವ ಊರಂದ್ರಿ? ಹಾಂ, ಇಲ್ಲಿದೆ. ನೀವು ಕಂಪ್ಯೂಟರ್ ನೋಡ್ಕೊಳ್ಳಿ. ಮಧ್ಯದಲ್ಲಿ ಸಿಕ್ಕಾಕ್ಕೊಂಡ್ರೆ ಕಷ್ಟ, ಕೊನೇವರೆಗೂ ಹೋಗುತ್ತಾ ಅಂತ ನಾನು ನೋಡಿಬಿಡ್ತೀನಿ.”

ಟೈಪಿಸ್ಟು ವಯರನ್ನು ಮೊದಲಿನ ತೂತಿಗೇ ಸಿಕ್ಕಿಸಿದಳು. ಅಷ್ಟರಲ್ಲಿ ಕಂಪ್ಯೂಟರೂ ಕಣ್ಣು ಬಿಟ್ಟಿತು. ಸೈಟು ಬೆಣ್ಣೆಯಂತೆ ತೆರೆದುಕೊಂಡಿತು. ಅವನು ಊರನ್ನು ಆರಿಸಿ ಒತ್ತಿದ.

‘ಹುದ್ದೆ ಭರ್ತಿಯಾಗಿದೆ.’

ತಿರುಗಿ ನೋಡಿದರೆ, ಉಪಕಾರಿ ಮುಖ ಬಿಳಿಚಿಕೊಂಡು ಮೊಬೈಲನ್ನೇ ದಿಟ್ಟಿಸುತ್ತಿದ್ದ. “ಕೊನೇವರೆಗೂ ಹೋಗುತ್ತೆ ರೀ… ಅಭಿನಂದನೆಗಳು ಅಂತಾನೂ ಬಂತು.”

“ಒಂದ್ಸಲ ಒತ್ತಿದ್ರೆ ರದ್ದಿಲ್ಲಪ್ಪಾ,” ಎಂದು ಹೆಡ್‌ಕ್ಲಾರ್ಕ್ ಅಮ್ಮ ಲೊಚಗುಟ್ಟಿದರು.

“ಮೊನ್ನೆ ತಾನೇ ಇಲ್ಲಿ ಮನೆ ಕಟ್ಟಿಸಿದೀನಲ್ರೀ, ನನ್ನ ಹೆಂಡ್ತಿ ನನ್ನ ಕೊಂದೇ ಹಾಕ್ತಾಳೆ!” ಎಂದು ಉಪಕಾರಿ ತಲೆ ಚಚ್ಚಿಕೊಂಡ. ಇಬ್ಬರೂ ಒಂದೇ ಬೆಂಚಿನಲ್ಲಿ ತಲೆಯ ಮೇಲೆ ಕೈಹೊತ್ತು ಕೂತರು.

ಆಮೇಲೆ ಉಪಕಾರಿ ಮೆಲ್ಲಗೆ ಅವನ ಹೆಗಲ ಮೇಲೆ ಕೈಯಿಟ್ಟ.

“ಬೇಜಾರ್ ಮಾಡ್ಕೋಬೇಡಿ. ಆ ಊರಲ್ಲಿ ನನಗೆ ಯಾರೂ ಗೊತ್ತಿಲ್ಲ. ಒಂದು ಬಾಡಿಗೆ ಮನೆ ನೋಡಿಡೋಕೆ ನಿಮ್ಮ ಮನೆಯವ್ರಿಗೆ ಸ್ವಲ್ಪ ಹೇಳ್ತೀರಾ?”