ಅವ್ವನ ಕಿವಿ ಮಷೀನಿನ ಸಿಳ್ಳೆ

"ಇವತ್ತ ಈ ಸಿಳ್ಳಿ ಸೊಲ್ಲಡಗಸದಿದ್ರ ನಾ ಎಲೆಕ್ಟ್ರಾನಿಕ್ಸ್ ಮಾಸ್ತರನ ಅಲ್ಲ!" ಎಂದು ಹಾನಗಲ್ಲಿನ ಮೃತ್ಯುಂಜಯ ಭಾನುವಾರ ಬೆಳಿಗ್ಗೆ ಕುರ್ಚಿಯಲ್ಲಿ ಕೂತಲ್ಲಿಂದಲೇ ಘೋಷಿಸಿದ.

ಆಗಾಗ ಸಿಳ್ಳೆ ಹೊಡೆಯುತ್ತಿದ್ದದ್ದು ಅವನ ಅವ್ವ ನಾಗವ್ವನ ಕಿವಿ ಮಷೀನು. "ನನ್ನಿಂದ ನಿಮಗ ತ್ರಾಸ ಬ್ಯಾಡ. ಡಬ್ಬ್ಯಾಗ ಹಾಕಿಟ್ಟು ಕಿವುಡಿ ಆಗೇ ಇರ್ತೇನಿ" ಎಂದು ಆಕೆ ಹಟ ಹಿಡಿದಿದ್ದಳು.

"ಹುಬ್ಬಳ್ಳಿಗೆ ಒಯ್ದು ತೋರಸ್ರಿ," ಎಂದಳು ಹೆಂಡತಿ ಸುಧಾರಾಣಿ, ರೊಟ್ಟಿ ಬಡಿಯುತ್ತ.

"ಮನ್ಯಾಗ ಪಂಡಿತ ಇದ್ದಾಗ ಹುಬ್ಬಳ್ಳಿ ಯಾಕ? ಇಲ್ಲೆ ಕೇಳು. ಮಷೀನಿಂದ ಬಂದ ದನಿ ಸೋರಿ, ತಿರುಗಿ ಅದರ ಮೈಕಿಗೇ ಬರ್ತೈತಿ. ಸಿಳ್ಳಿ ಹುಟ್ಟಬೇಕಂದ್ರ, ಸುತ್ತು ಹಾಕಿ ಬಂದಾಗ ಅದು ಕುಗ್ಗಿರಬಾರದು, ತಾಳಾನೂ ತಪ್ಪಿರಬಾರದು. ಎರಡೂ ಕೂಡಿದ್ವೋ, ಸಿಳ್ಳಿ ನಿಲ್ಲೂದ ಇಲ್ಲ!"

"ನಮ್ಮ ಜಗಳದ್ಹಂಗ. ನೀವು ಅಂದಷ್ಟ ಜೋರಾಗಿ ನಾನೂ ಅಂದ್ರ ನಿಲ್ಲೂದಿಲ್ಲ."

"ಅದಕ್ಕ ಮಷೀನಿನ ದನಿ ಇಳಸೂದು!"

ಅವ್ವ ಬಿಚ್ಚಿಕೊಟ್ಟ ಮಷೀನಿನ ದನಿ ಇಳಿಸಿ ಮರಳಿ ಕೊಟ್ಟ. ಸಿಳ್ಳೆ ಬಂದ್! ಜೊತೆಗೆ ಅವ್ವನಿಗೆ ಮಾತು ಕೇಳುವುದೂ ಬಂದ್. ಮಷೀನಿನಲ್ಲಿ ಕಡಿಮೆಯಾದದ್ದನ್ನೆಲ್ಲ ಸುಧಾರಾಣಿ ತನ್ನ ಗಂಟಲಿನಿಂದ ತುಂಬಿಕೊಡಬೇಕಾಯಿತು. "ಗುಳಿಗಿ ತಗೊಂಡ್ರ್ಯಾ?" ಎಂದು ಅವಳು ಅತ್ತೆಗೆ ಕೂಗಿದರೆ, ಗೋಡೆಯಾಚೆಯಿಂದ ಪಕ್ಕದ ಮನೆಯ ಶೇಖಸಾಬರು, "ನಾ ತಗೊಂಡೇನ್ರಿ ಅಕ್ಕಾರ!" ಎಂದರು.

ಪಂಡಿತ ನಾಚಿ, ಮಷೀನು ಇಸಿದುಕೊಂಡು ದನಿಯನ್ನು ಮತ್ತೆ ಏರಿಸಿ ಕೊಟ್ಟು, ಕುರ್ಚಿಗೆ ಮರಳಿ ಆಲಿಸಿದ. ಸದ್ದಿಲ್ಲ!

"ನೋಡಿದ್ಯಾ? ಪೂರಾ ದನಿ ಐತಿ, ಆದ್ರೂ ಗಪ್‌ಚಿಪ್! ರಿಪೇರಿ ಆತು!"

"ಅಷ್ಟು ದೂರ ಕುಂತ್ರ ಅದು ಯಾವಾಗ್ಲೂ ಗಪ್ ಇರ್ತೈತ್ರಿ." ಸುಧಾರಾಣಿ ಕೈ ತೊಳೆದು ಬಂದು ಬಾಚಣಿಗೆ ಚಾಚಿದಳು. "ತಗೋರಿ, ಅತ್ತಿ ತಲಿ ಬಾಚ್ರಿ."

ಬಾಚಣಿಗೆ ಹಿಡಿದ ಕೈ ಕಿವಿಯ ಹತ್ತಿರ ಹೋಯಿತು. ಕುಂಯ್ಯ್! ಹಿಂದೆ ಸರಿದ. ಮೌನ. ಮತ್ತೆ ಹತ್ತಿರ. ಕುಂಯ್ಯ್! ಅಂಗೈಗೆ ಬಡಿದ ದನಿ ಕುಗ್ಗದೆ ಮೈಕಿಗೆ ಮರಳುತ್ತಿತ್ತು. ಮಾಸ್ತರನಿಗೆ ಪಾಠ ತಿಳಿಯಿತು. ಅದರ ಬೆನ್ನಿಗೇ ಇನ್ನೊಂದೂ ತಿಳಿದು ಅವನ ಕಿವಿ ಬಿಸಿಯಾಯಿತು. ತಲೆ ಬಾಚಲು, ಸೆರಗು ಹೊದಿಸಲು, ದಿಂಬು ಸರಿಪಡಿಸಲು ಈ ಮನೆಯಲ್ಲಿ ಅವ್ವನ ಕಿವಿಯವರೆಗೆ ಹೋಗುತ್ತಿದ್ದವಳು ಸುಧಾರಾಣಿ ಒಬ್ಬಳೇ!

"ಅವ್ವಾ, ಮಷೀನಿಂದೇನೂ ತಪ್ಪಿಲ್ಲ," ಎಂದ ಮೆಲ್ಲಗೆ. "ಯಾರರೆ ಹತ್ರ ಬಂದ್ರ ಸಿಳ್ಳಿ ಹೊಡಿತೈತಿ, ಅಷ್ಟ."

"ಹಂಗಾರ ಡಬ್ಬ್ಯಾಗ ಇಡೂದಿಲ್ಲ ಬಿಡು." ನಾಗವ್ವ ಅವನ ಮಣಿಕಟ್ಟು ಹಿಡಿದುಕೊಂಡಳು. "ನಿನ್ನ ಕೈಗೂ ಸಿಳ್ಳಿ ಹೊಡೀತು ನೋಡು!"

ಮಗನಿಗೆ ಕಣ್ಣು ತುಂಬಿ ಬಂತು. ಒರೆಸಿಕೊಂಡು, ಬಾಚಣಿಗೆ ಅಲ್ಲೇ ಇಟ್ಟು, ಹೊರಡಲು ತಿರುಗಿದ.

"ಎಲ್ಲಿಗಿ ಹೊಂಟಿ?" ಎಂದಳು ಅವ್ವ. "ತುರುಬು ನಿಮ್ಮಪ್ಪ ಬಂದು ಕಟ್ತಾನೇನು?"